ಮಗನ ಫೈಲಿನ ಜೊತೆ ನನ್ನದೂ ಒಂದು ಕೇಸ್ ಪೇಪರ್

ನನ್ನ ಮಗನಿಗೆ ಆಟಿಸಂ ಇದೆ, ಅಂದರೆ ಮಾತು, ಜನರೊಡನೆ ಬೆರೆಯುವುದು ಬೇರೆಯೇ ರೀತಿಯಲ್ಲಿ ಬೆಳೆಯುವ ಸ್ಥಿತಿ. ಅವನ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್, ಕಳೆದ ತಿಂಗಳು ಅಂಚೆಯಲ್ಲಿ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನನ್ನ ಮನೋವೈದ್ಯರೂ "ಇನ್ನು ಎರಡು ತಿಂಗಳಿಗೊಮ್ಮೆ ಬಂದರೆ ಸಾಕು" ಅಂದರು. ಕಾರ್ಡಿನ ವಿಷಯ ಊರಿಗೆಲ್ಲ ಗೊತ್ತಾಯಿತು. ಮನೋವೈದ್ಯರ ವಿಷಯ ಹೆಂಡತಿ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಈಗ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ, ನಡೆದದ್ದೂ ಹಾಗೆಯೇ. ಮುಂಬಯಿ ಹೊರವಲಯದ ಡೊಂಬಿವಲಿ, ಕಲ್ಯಾಣ ಕಡೆ ಇರುವ ನಮ್ಮ ಊರವರು ಫೋನ್ ಮಾಡಿ "ಸರ್ಟಿಫಿಕೇಟ್ ಹೇಗೆ ಮಾಡಿಸಿದ್ರಿ ಮಾರಾಯ್ರೆ?" ಎಂದು ಕೇಳುತ್ತಾರೆ. ಕಾಗದಪತ್ರದ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೂ ಅವರು ಫೋನ್ ಇಡುವುದಿಲ್ಲ. ಇನ್ನೇನೋ ಕೇಳಬೇಕೆಂದಿರುತ್ತದೆ, ಬಾಯಿ ಬರುವುದಿಲ್ಲ. ಅದಕ್ಕೂ ಸೇರಿಸಿ ಇಲ್ಲಿ ಉತ್ತರವಿದೆ.

ನಾನು ಕುಂದಾಪುರದ ಕಡೆಯವನು. ಈಗ ಮನೆ ಡೊಂಬಿವಲಿಯಲ್ಲಿ, ಮುಂಬಯಿಯ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಗಲ್ಲಾದಲ್ಲಿ ಕೂತರೆ ಹನ್ನೊಂದರ ತನಕ ತಲೆ ಎತ್ತಲು ಪುರುಸೊತ್ತಿಲ್ಲ. ಮತ್ತೆ ಸಂಜೆಯ ರಶ್. ರಜೆ ಮಂಗಳವಾರ. ಹೆಂಡತಿ ಠಾಣೆಯಲ್ಲಿ ಒಬ್ಬ ಸಿ.ಎ. ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದಳು.

ಎರಡು ವರ್ಷ ದಾಟಿದರೂ ಮಗ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನೇ ಬಿಸ್ಕೆಟ್ ಡಬ್ಬಿಯ ಮೇಲೆ ಇಡುತ್ತಿದ್ದ. ಸ್ಟೀಲ್ ಮುಚ್ಚಳ ಗಿರ್ರನೆ ತಿರುಗಿಸಿ, ನೆಲಕ್ಕೆ ಕೆನ್ನೆ ಹಚ್ಚಿ, ಅದು ನಿಲ್ಲುವ ತನಕ ನೋಡುತ್ತಿದ್ದ. ನಿಂತರೆ ಮತ್ತೆ ತಿರುಗಿಸಬೇಕು. ಅಮ್ಮ ಊರಿಂದ "ಗಂಡುಮಕ್ಕಳಿಗೆ ಮಾತು ತಡ, ನೀನೂ ಮೂರು ವರ್ಷಕ್ಕೆ ಮಾತಾಡಿದ್ದು" ಎಂದು ಧೈರ್ಯ ಹೇಳುತ್ತಿದ್ದರು. ಮೂರಾಗುವ ಹೊತ್ತಿಗೆ ಅವನು ಮಾತಾಡಿದ್ದು ಹೌದು. ಒಂದು ದಿನ ಊಟಕ್ಕೆ ಕೂತಿದ್ದಾಗ ಸ್ಪಷ್ಟವಾಗಿ, ಅದೇ ಧಾಟಿಯಲ್ಲಿ, "ಪುಢೀಲ್ ಸ್ಟೇಷನ್ ಘಾಟ್‌ಕೋಪರ್. ಅಗ್ಲಾ ಸ್ಟೇಷನ್ ಘಾಟ್‌ಕೋಪರ್. ನೆಕ್ಸ್ಟ್ ಸ್ಟೇಷನ್ ಘಾಟ್‌ಕೋಪರ್" ಅಂದ. ಮೂರು ಭಾಷೆಯಲ್ಲಿ ಘಾಟ್‌ಕೋಪರ್ ಬಂತು, ಒಂದು ಭಾಷೆಯಲ್ಲೂ ಅಮ್ಮ ಬರಲಿಲ್ಲ. ಅವತ್ತು ಇಬ್ಬರೂ ನಕ್ಕಿದ್ದೆವು, ವಿಡಿಯೋ ಮಾಡಿ ಊರಿಗೂ ಕಳಿಸಿದ್ದೆವು.

ಮಕ್ಕಳ ಡಾಕ್ಟರು ಆ ವಿಡಿಯೋ ನೋಡಿ ನಗಲಿಲ್ಲ. ಆಟಿಸಂ ಲಕ್ಷಣಗಳಿವೆಯೇ ಎಂದು ಮೊದಲು ನೋಡಲು ಎಂ-ಚಾಟ್ ಎಂಬ 20 ಪ್ರಶ್ನೆಗಳ ಒಂದು ಪಟ್ಟಿ ಇದೆ, 16ರಿಂದ 30 ತಿಂಗಳ ಮಕ್ಕಳಿಗೆ. ಅದರ ವಯಸ್ಸು ದಾಟಿದೆ ಎಂದು ಹೇಳಿ ನೇರ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್‌ಗೆ, ಅಂದರೆ ಮಕ್ಕಳ ಬೆಳವಣಿಗೆಯ ತಜ್ಞರಿಗೆ, ಬರೆದುಕೊಟ್ಟರು. ಜೊತೆಗೆ ಕಿವಿಯ ಪರೀಕ್ಷೆ. ಕಿವಿ ಸರಿ ಇಲ್ಲದೆಯೂ ಮಗು ಕರೆದರೆ ತಿರುಗದಿರಬಹುದು, ಆದ್ದರಿಂದ ಮೊದಲು ಅದನ್ನು ನೋಡಲೇಬೇಕು. ಮಲಗಿಸಿ ತಲೆಗೆ ವೈರ್ ಅಂಟಿಸಿ ಮಾಡುವ ಬೇರಾ ಪರೀಕ್ಷೆ ಅದು, ಮಗು ನಿದ್ರೆ ಮಾಡಿದರೆ ಮಾತ್ರ ಆಗುತ್ತದೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ರಿಕ್ಷಾದಲ್ಲಿ ನಿದ್ರೆ ಹೋಗದಂತೆ ನೋಡಿಕೊಂಡು ಕರೆದುಕೊಂಡು ಹೋಗಿ. ಮುಂಬಯಿಯಲ್ಲಾದರೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ವಾಕ್ ಮತ್ತು ಶ್ರವಣಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಊರಿಗೆ ಹೋಗಿ ಬರುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಡೆವಲಪ್‌ಮೆಂಟಲ್ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಪೂರ್ತಿ ಅಸೆಸ್‌ಮೆಂಟಿಗೆ 7,000 ರೂಪಾಯಿ. ಕಾಯುವ ಆ ತಿಂಗಳುಗಳು ಗೊತ್ತಾದ ಮೇಲಿನ ತಿಂಗಳುಗಳಿಗಿಂತ ಕಷ್ಟ. ರಾತ್ರಿ ಎಲ್ಲ ಮೊಬೈಲಿನಲ್ಲಿ ಹುಡುಕುವುದು, ಒಂದು ವಿಡಿಯೋದಲ್ಲಿ ಇದು ಆಟಿಸಂ, ಮುಂದಿನದರಲ್ಲಿ ಅಲ್ಲ. ಈಗ ಕಾಯುತ್ತಿರುವವರು ಒಂದು ಕೆಲಸ ಮಾಡಿ: ಮನೆಯಲ್ಲಿ ಮಗು ಸಹಜವಾಗಿ ಇರುವಾಗಿನ ಸಣ್ಣ ಸಣ್ಣ ವಿಡಿಯೋ ತೆಗೆದಿಡಿ. ಕ್ಲಿನಿಕ್ಕಿನಲ್ಲಿ ಮಗು ಬೇರೆಯೇ ಆಗಿಬಿಡುತ್ತದೆ. ನಮಗೆ ಆ ವಿಡಿಯೋಗಳು ಮುಂದೆ ಸರ್ಟಿಫಿಕೇಟಿಗಾಗಿ ಮಗುವನ್ನು ಪರೀಕ್ಷಿಸುವ ಆಸ್ಪತ್ರೆಯ ಬೋರ್ಡಿನಲ್ಲೂ ಉಪಯೋಗಕ್ಕೆ ಬಂದವು.

ಗೊತ್ತಾದ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ನಾನು ಫೀಸು, ಥೆರಪಿ, ಶಾಲೆ ಎಂದು ಕೇಳಿದೆ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ನಾನು ಕೆಲಸಕ್ಕೆ ಹೋದದ್ದರಿಂದ ಹೀಗಾಯ್ತಾ?" ಡಾಕ್ಟರು ಅಲ್ಲ ಅಂದರು. ಅಲ್ಲ ಎಂದು ಒಮ್ಮೆ ಹೇಳಿದರೆ ಆ ಪ್ರಶ್ನೆ ಹೋಗುವುದಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಏಕೆಂದರೆ ಸುತ್ತಲಿನವರು ಅದನ್ನೇ ಬೇರೆ ಬೇರೆ ರೂಪದಲ್ಲಿ ಕೇಳುತ್ತಾ ಇದ್ದರು. ಮೊಬೈಲ್ ಕೊಟ್ಟಿರಬೇಕು. ಫ್ಲ್ಯಾಟಿನಲ್ಲಿ ಒಂದೇ ಮಗು, ಮಾತಾಡುವವರು ಯಾರು. ಬಸುರಿಯಲ್ಲಿ ಲೋಕಲ್ ಹತ್ತಿಳಿದದ್ದು. ದೊಡ್ಡಮ್ಮ ಜಾತಕ ತೋರಿಸಿ ನಾಗದೋಷ ಅಂದರು, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದೆವು. ನನಗೆ ಅದರ ಬಗ್ಗೆ ಬೇಸರವಿಲ್ಲ, ಅಲ್ಲಿ ಕೂತ ಒಂದು ಗಂಟೆ ನಿಜಕ್ಕೂ ಮನಸ್ಸು ಹಗುರವಾಗಿತ್ತು. ಆದರೆ ಬಂದ ಮೇಲೆ "ಏನಾದರೂ ವ್ಯತ್ಯಾಸ ಕಂಡಿತಾ?" ಎಂದು ವಾರವಾರ ಬರುವ ಫೋನ್ ಇದೆಯಲ್ಲ, ಅದಕ್ಕೆ ಹೇಳಬೇಕಾದ ಉತ್ತರ ಹೆಂಡತಿಯ ಪಾಲಿಗೇ ಬೀಳುತ್ತಿತ್ತು. ನಾನು ಗಲ್ಲಾದಲ್ಲಿ ಕೂತು ತಪ್ಪಿಸಿಕೊಳ್ಳುತ್ತಿದ್ದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಫಾರ್ವರ್ಡ್ ನಮ್ಮ ಕುಟುಂಬದ ವಾಟ್ಸಾಪಿಗೂ ಬಂತು. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬವರ ಲೇಖನ ಬಂದದ್ದು ಹೌದು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡದ್ದೂ ಹೌದು. ಎರಡನೆಯದು ಫಾರ್ವರ್ಡ್ ಆಗುವುದಿಲ್ಲ.

ತಾಯಿಯ ತಲೆಗೆ ಕಟ್ಟುವುದು ನಮ್ಮ ಊರಿನದ್ದೇ ರೋಗ ಎಂದು ನಾನು ತಿಳಿದಿದ್ದೆ. ಆಮೇಲೆ, ಮುಂದೆ ನಮ್ಮಿಬ್ಬರನ್ನೂ ನೋಡಿದ ಕೌನ್ಸೆಲರ್ ಹೇಳಿದರು, ಅಮೆರಿಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ದಶಕಗಳ ಕಾಲ ಇದನ್ನು ಮಾಡಿದ್ದಾರೆ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಮೊದಲ ಬಾರಿ ವಿವರವಾಗಿ ಬರೆದ ಮೇಲೆ, ತಾಯಿಯ ಪ್ರೀತಿ ತಣ್ಣಗಿರುವುದೇ ಕಾರಣ ಎಂಬ ಮಾತು ಹಬ್ಬಿ, ಅಂಥ ತಾಯಂದಿರಿಗೆ ರೆಫ್ರಿಜರೇಟರ್ ಎಂದು ಹೆಸರಿಟ್ಟರಂತೆ. ಅದನ್ನು 1964ರಲ್ಲಿ ಎದುರಿಸಿ ಬರೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಸ್ವತಃ ಆಟಿಸಂ ಇದ್ದ ಹುಡುಗನ ಅಪ್ಪ. ಇದನ್ನು ಕೇಳಿ ಹೆಂಡತಿ, "ಹಾಗಾದರೆ ಅಲ್ಲಿಯೂ ದೊಡ್ಡಮ್ಮಂದಿರು ಇದ್ದರು" ಅಂದಳು. ಬಹಳ ದಿನದ ಮೇಲೆ ಅವಳು ಮಾಡಿದ ತಮಾಷೆ ಅದು.

ಥೆರಪಿ ಶುರುವಾಯಿತು. ವಾರಕ್ಕೆ ಎರಡು ಆಕ್ಯುಪೇಶನಲ್ ಥೆರಪಿ (ಓಟಿ, ದಿನನಿತ್ಯದ ಕೆಲಸಗಳನ್ನು ಕಲಿಸುವುದು), ಎರಡು ಸ್ಪೀಚ್, ಅಂದರೆ ಮಾತಿನದ್ದು. ನಮ್ಮ ಕಡೆ 45 ನಿಮಿಷಕ್ಕೆ 800 ರೂಪಾಯಿ. ತಿಂಗಳಿಗೆ ಗುಣಿಸಿ ನೋಡಿ, ರಿಕ್ಷಾ ಬೇರೆ. ಎಲ್ಲ ಸೆಷನ್‌ಗಳೂ ಹಗಲು ಹನ್ನೊಂದರಿಂದ ಐದರೊಳಗೆ. ಹೆಂಡತಿ ಮೊದಲು ಅರ್ಧ ದಿನ ರಜೆ, ಆಮೇಲೆ ಸಂಬಳವಿಲ್ಲದ ರಜೆ, ಆಮೇಲೆ ರಾಜೀನಾಮೆ. ಮನೆಗೆ ಬರುವ ಹಣ ಕಡಿಮೆಯಾಗಿ ಖರ್ಚು ಜಾಸ್ತಿಯಾದದ್ದು ಒಂದೇ ತಿಂಗಳಲ್ಲಿ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಂದಿರು ಚೈಲ್ಡ್ ಕೇರ್ ಲೀವ್ (ಮಕ್ಕಳನ್ನು ನೋಡಿಕೊಳ್ಳುವ ರಜೆ) ಬಗ್ಗೆ ಕೇಳಿಕೊಳ್ಳಿ. ಒಟ್ಟು 730 ದಿನ ಇರುತ್ತದೆ, ಅಂಗವಿಕಲ ಮಕ್ಕಳಿದ್ದರೆ ಮಗುವಿನ ವಯಸ್ಸಿನ ಮಿತಿ ಇಲ್ಲ. ಸಿ.ಎ. ಆಫೀಸಿನಲ್ಲಿ, ಹೋಟೆಲಿನಲ್ಲಿ ಅಂಥದ್ದೆಲ್ಲ ಎಲ್ಲಿಂದ ಬರಬೇಕು.

ಸ್ಪೀಚ್ ಥೆರಪಿಸ್ಟ್ ಮೊದಲ ವಾರವೇ "ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಹಿಂದಿಯಾದರೆ ಒಳ್ಳೆಯದು, ಕನ್ನಡ ನಿಲ್ಲಿಸಿ" ಅಂದರು. ಹೆಂಡತಿ ಹಾಗೇ ಮಾಡಿದಳು. ಅವಳ ಹಿಂದಿ ತರಕಾರಿ ಮಾರ್ಕೆಟಿನದ್ದು. ಮಗು ಬಿದ್ದು ಅತ್ತರೆ ಓಡಿಹೋಗಿ ಎತ್ತಿಕೊಂಡು, ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಬೆನ್ನು ಸವರುತ್ತಿದ್ದಳು. ಮಲಗಿಸುವಾಗಿನ ಹಾಡು ನಿಂತಿತು. ಮಗನ ಮಾತು ಹೆಚ್ಚಲಿಲ್ಲ, ಮನೆಯಲ್ಲಿ ಇವಳ ಮಾತು ಕಡಿಮೆಯಾಯಿತು. ಇನ್ನೊಂದು ಕೇಂದ್ರಕ್ಕೆ ಬದಲಾಯಿಸಿದಾಗ ಅಲ್ಲಿಯವರು ಆಶ್ಚರ್ಯಪಟ್ಟರು: ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ ಎಂದರು. ಹೊರನಾಡಿನಲ್ಲಿರುವ ಕನ್ನಡದವರಿಗೆ, ತುಳುವಿನವರಿಗೆ, ಕೊಂಕಣಿಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಯಾರಾದರೂ ಮನೆಮಾತು ನಿಲ್ಲಿಸಿ ಎಂದರೆ ಇನ್ನೊಬ್ಬರನ್ನು ಕೇಳಿ.

ಇನ್ನು ಅಂಗವೈಕಲ್ಯದ ಸರ್ಟಿಫಿಕೇಟ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಎಂದು ಬರಬೇಕು. ಸರ್ಟಿಫಿಕೇಟಿಗೂ ಯುಡಿಐಡಿ ಕಾರ್ಡಿಗೂ ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಆನ್‌ಲೈನ್. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ, ಡಾಕ್ಟರ ರಿಪೋರ್ಟುಗಳು. ನಮಗೆ ಇದ್ದ ತೊಡಕು, ಮಗುವಿನ ಆಧಾರ್‌ನಲ್ಲಿ ಊರಿನ ವಿಳಾಸ. ಬಾಣಂತನಕ್ಕೆ ಹೋದಾಗ ಅಲ್ಲೇ ಮಾಡಿಸಿದ್ದು. ಅದನ್ನು ಡೊಂಬಿವಲಿಗೆ ಬದಲಾಯಿಸಿದ ಮೇಲೆಯೇ ಅರ್ಜಿ ಮುಂದೆ ಹೋಯಿತು. ಡೊಂಬಿವಲಿ ಠಾಣೆ ಜಿಲ್ಲೆ, ಮುಂಬಯಿ ಅಲ್ಲ ಎಂಬುದೂ ನೆನಪಿರಲಿ. ನಿಯಮದ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆಗೆ ಅಥವಾ ಮಗು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಬರುವ ಎನ್‌ರೋಲ್‌ಮೆಂಟ್ ನಂಬರನ್ನು ಫೈಲಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ, ಪ್ರತಿ ಕಿಟಕಿಯಲ್ಲೂ ಮೊದಲು ಕೇಳುವುದು ಅದನ್ನೇ.

ಆಸ್ಪತ್ರೆಯ ಹೆಸರು ಬೇಡ. ಬೋರ್ಡ್ ದಿನಾ ಕೂರುವುದಿಲ್ಲ. ನಾವು ಹೋದ ಮೊದಲ ದಿನ ಡಾಕ್ಟರಿದ್ದರು, ಕ್ಲಿನಿಕಲ್ ಸೈಕಾಲಜಿಸ್ಟ್ ರಜೆಯಲ್ಲಿದ್ದರು. ಅದನ್ನು ನಮಗೆ ತಿಳಿಸಿದ್ದು ಎರಡು ತಾಸು ಕ್ಯೂ ನಿಂತ ಮೇಲೆ. ಆ ಹೊತ್ತಿಗೆ ಮಗ ಟ್ಯೂಬ್‌ಲೈಟಿನ ಗುಂಯ್ ಸದ್ದಿಗೆ ಕಿವಿ ಮುಚ್ಚಿಕೊಂಡು ನೆಲದಲ್ಲಿ ಬಿದ್ದು ಹೊರಳುತ್ತಿದ್ದ. ಕ್ಯೂನಲ್ಲಿದ್ದ ಒಬ್ಬರು "ಪೋರಾಲಾ ಸಾಂಭಾಳಾ" ಎಂದು ಗದರಿದರು. ಹುಡುಗನನ್ನು ನೋಡಿಕೊಳ್ಳಿ ಅಂತ. ಅವರದ್ದೂ ಒಂದು ಮಗು ವೀಲ್‌ಚೇರಿನಲ್ಲಿತ್ತು, ಅವರೂ ಬೆಳಿಗ್ಗೆಯಿಂದ ನಿಂತವರೇ. ನೀವು ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡಿ, ಸಾಧ್ಯವಾದರೆ ಒಬ್ಬರು ಮೊದಲು ಹೋಗಿ ಕ್ಯೂ ನಿಂತು, ನಂಬರ್ ಹತ್ತಿರ ಬಂದಾಗ ಇನ್ನೊಬ್ಬರು ಮಗುವನ್ನು ಕರೆತನ್ನಿ. ಸದ್ದು ತಡೆಯಲು ಕಿವಿಗೆ ಹಾಕುವ ಇಯರ್ ಡಿಫೆಂಡರ್ ಇದ್ದರೆ ಒಯ್ಯಿರಿ. ಎಲ್ಲದರ ಮೂರು ಸೆಟ್ ಝೆರಾಕ್ಸ್.

ಅಲ್ಲಿಂದ ಬರಿಗೈಯಲ್ಲಿ ಬಂದ ಮೇಲೆ ಒಂದು ಸಂಜೆ ಲೋಕಲಿನಲ್ಲಿ, ಕುರ್ಲಾ ದಾಟುವಾಗ, ನನಗೆ ಎದೆ ಹಿಡಿದುಕೊಂಡಿತು. ಕೈ ಜೋಮು ಹಿಡಿದು, ಮೈಯೆಲ್ಲ ಬೆವರು, ಉಸಿರು ಮೇಲಕ್ಕೆ ಬರುತ್ತಿಲ್ಲ. ಬಾಗಿಲಿನ ಕಂಬಿ ಹಿಡಿದುಕೊಂಡು ನಾನು ಲೆಕ್ಕ ಹಾಕುತ್ತಿದ್ದುದು ಎಲ್‌ಐಸಿ ಪಾಲಿಸಿಯದ್ದು. ಘಾಟ್‌ಕೋಪರಿನಲ್ಲಿ ಇಳಿಸಿ ಯಾರೋ ಆಸ್ಪತ್ರೆಗೆ ಮುಟ್ಟಿಸಿದರು. ಇಸಿಜಿ ಸರಿ, ರಕ್ತ ಪರೀಕ್ಷೆ ಸರಿ, ಮಾರನೆಯ ದಿನದ ಎಕೋ ಕೂಡ ಸರಿ. ಇದನ್ನು ಓದಿ ಯಾರೂ ಎದೆನೋವನ್ನು ಮನಸ್ಸಿನದ್ದು ಎಂದು ತಾವೇ ತೀರ್ಮಾನಿಸಬೇಡಿ, ಮೊದಲು ಹೃದಯ ತೋರಿಸಿ. ಎಲ್ಲ ಸರಿಯಿದೆ ಎಂದ ಮೇಲೆ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟೂಲ್ ಎಳೆದು ಕೂತು "ಘರ್ ಮೇ ಕ್ಯಾ ಚಲ್ ರಹಾ ಹೈ?" ಎಂದು ಕೇಳಿದರು, ಮನೆಯಲ್ಲಿ ಏನು ನಡೆಯುತ್ತಿದೆ ಅಂತ. ನಾನು ಸೋಮವಾರ ಓಟಿ, ಬುಧವಾರ ಸ್ಪೀಚ್, ಗುರುವಾರ ಓಟಿ, ಶನಿವಾರ ಸ್ಪೀಚ್ ಎಂದು ಒಪ್ಪಿಸಿದೆ. ಅವರು "ಅದು ಮಗುವಿನದ್ದಾಯ್ತು. ನಿಮ್ಮದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಯಾನಿಕ್ ಅಟ್ಯಾಕ್, ಅಂದರೆ ಒಮ್ಮೆಲೇ ಬರುವ ತೀವ್ರ ಗಾಬರಿ, ಎಂದು ಬರೆದು ಮನೋವೈದ್ಯರಿಗೆ ಚೀಟಿ ಕೊಟ್ಟರು.

ಚೀಟಿ ವಾರಗಟ್ಟಲೆ ಅಂಗಿ ಜೇಬಿನಲ್ಲಿತ್ತು. ನಮ್ಮ ಕಡೆ ಮನೋವೈದ್ಯರ ಹತ್ತಿರ ಹೋಗುವುದೆಂದರೆ ಏನು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈಗಾಗಲೇ ಮಗನ ಬಗ್ಗೆ "ಅವರ ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದವರಿದ್ದಾರೆ. ಮೊದಲ ಹೆಜ್ಜೆ ಇಟ್ಟದ್ದು ಫೋನಿನಲ್ಲಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಹೋಟೆಲ್ ಮುಚ್ಚಿದ ಮೇಲೆ ಸ್ಟೋರ್‌ರೂಮಿನಲ್ಲಿ ಅಕ್ಕಿ ಚೀಲದ ಮೇಲೆ ಕೂತು ಫೋನ್ ಮಾಡಿದೆ. ಸ್ವಲ್ಪ ಕಾದ ಮೇಲೆ ಕನ್ನಡದಲ್ಲಿ ಒಬ್ಬರು ಮಾತಾಡಿದರು. ನಾನು ಹಿಂದಿಯಲ್ಲಿ ಮಗನ ಬಗ್ಗೆ ಎಷ್ಟೋ ಜನರಿಗೆ ಹೇಳಿದ್ದೆ, ಒಂದು ಸಲವೂ ಗಂಟಲು ಕಟ್ಟಿರಲಿಲ್ಲ. ಅವತ್ತು ಅರ್ಧ ಮಾತಿಗೇ ನಿಂತುಹೋಯಿತು. ಆ ಕಡೆಯವರು ಅವಸರ ಮಾಡಲಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಎಂದು ಹೇಳಿ, ಹೋಗುವಾಗ ಪತ್ನಿಯನ್ನೂ ಕರೆದುಕೊಂಡು ಹೋಗಿ ಅಂದರು.

ಕೇಸ್ ಪೇಪರಿಗೆ, ಅಂದರೆ ಆಸ್ಪತ್ರೆಯ ಕಿಟಕಿಯಲ್ಲಿ ಮಾಡಿಸುವ ರೋಗಿಯ ಚೀಟಿಗೆ, ಒಂದು ಕಟಿಂಗ್ (ಅರ್ಧ ಲೋಟ) ಚಹಾದ ದುಡ್ಡು. ಬೆಳಿಗ್ಗೆ ಎಂಟರೊಳಗೆ ಕಿಟಕಿ ಮುಟ್ಟಿದರೆ ಹನ್ನೊಂದಕ್ಕೆ ಡಾಕ್ಟರ್ ಸಿಗುತ್ತಾರೆ. ಒಳಗೆ ಹೋಗುವ ಮೊದಲು ಇಬ್ಬರಿಗೂ ಖಿನ್ನತೆ ಎಷ್ಟಿದೆ ಎಂದು ನೋಡುವ ಪಿಎಚ್‌ಕ್ಯೂ-9 ಎಂಬ ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ನಿದ್ರೆ ಹೇಗಿತ್ತು, ಊಟ ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತೇ ಎಂದು. ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ, ಒಟ್ಟು 27. ಹತ್ತು ಮತ್ತು ಮೇಲಾದರೆ ಡಾಕ್ಟರು ಗಮನ ಕೊಟ್ಟು ನೋಡುತ್ತಾರೆ. ನನ್ನದು 12 ಬಂತು. ರೋಗಿ ನಾನು, ಇವಳು ಜೊತೆಗೆ ಬಂದವಳು ಎಂದೇ ನಾನು ಅಂದುಕೊಂಡಿದ್ದೆ. ಇವಳದ್ದು 17.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ನಾನು ಸೊನ್ನೆಗೆ ಗುರುತು ಹಾಕಿ ಪಕ್ಕಕ್ಕೆ ನೋಡಿದೆ. ಅವಳ ಪೆನ್ನು ಅಲ್ಲಿ ನಿಂತಿತ್ತು. ಆಮೇಲೆ ಎರಡನೇ ಕಲಮಿನಲ್ಲಿ, ಕೆಲವು ದಿನ ಎಂಬಲ್ಲಿ, ಸಣ್ಣದಾಗಿ ಒಂದು ಗುರುತು ಹಾಕಿ ಹಾಳೆ ಮಡಚಿದಳು. ಒಂದೇ ಮನೆ, ಒಂದೇ ಮಂಚ. ನನಗೆ ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ. "ಸಾಯ್ಬೇಕು ಅಂತ ಅಲ್ಲ. ಲೋಕಲ್ ಬರುವಾಗ ಒಂದು ಕ್ಷಣ ಎಲ್ಲ ನಿಂತರೆ ಸಾಕು ಅನ್ನಿಸ್ತದೆ. ಆಮೇಲೆ ಇವನನ್ನು ಯಾರು ನೋಡ್ತಾರೆ ಅಂತ ನೆನಪಾಗಿ ಹಿಂದೆ ಸರಿದು ನಿಲ್ತೇನೆ" ಅಂದಳು. ದಾಖಲೆಗಳ ಅಷ್ಟು ದಪ್ಪದ ಫೈಲಿನಲ್ಲಿ ಮಗ ಎಷ್ಟು ತಾಸು ಮಲಗುತ್ತಾನೆ ಎಂದು ಐದಾರು ಕಡೆ ಬರೆದಿದ್ದಾರೆ. ಅವನನ್ನು ಮಲಗಿಸುವವಳು ಮಲಗುತ್ತಾಳೋ ಎಂದು ಒಬ್ಬರೂ ಬರೆದಿಲ್ಲ. ಈಗ ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಸರ್ಟಿಫಿಕೇಟಿಗೆ, ಶಾಲೆಯ ಅಡ್ಮಿಶನ್‌ಗೆ, ಯಾವುದಕ್ಕೂ ಕಾಯಬೇಡಿ. ಇವತ್ತೇ 14416ಕ್ಕೆ ಫೋನ್ ಮಾಡಿ ಅಥವಾ ಮನೆಯಲ್ಲಿ ಒಬ್ಬರಿಗೆ ಹೇಳಿ.

ಇಬ್ಬರಿಗೂ ಔಷಧಿ ಶುರುವಾಯಿತು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಸರಿಯಾಯ್ತು ಎಂದು ನೀವೇ ನಿಲ್ಲಿಸಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳದೆ ಇದ್ದಿದ್ದರೆ ನಾನು ನಾಲ್ಕನೆಯ ದಿನವೇ ಬಿಡುತ್ತಿದ್ದೆ. ಕೌನ್ಸೆಲಿಂಗ್ ಹೊರಗೆ ಮಾಡಿಸಿದರೆ ಒಂದು ಸಲಕ್ಕೆ 1,200 ರೂಪಾಯಿವರೆಗೆ ಆಗುತ್ತದೆ, ನಾವು ಆಸ್ಪತ್ರೆಯದ್ದನ್ನೇ ಮುಂದುವರಿಸಿದೆವು. ಪ್ರತಿ ಸಲ ಬೇರೆಯವರು ಸಿಗಬಹುದು ಎಂಬುದೊಂದೇ ಕಿರಿಕಿರಿ. ನಮ್ಮನ್ನು ನೋಡುತ್ತಿದ್ದವರು ಮರಾಠಿಯವರು. ಹೆಂಡತಿ ಕನ್ನಡ, ಹಿಂದಿ ಬೆರೆಸಿ ಮಾತಾಡುತ್ತಿದ್ದಳು, ಅವರು ತಡೆಯಲಿಲ್ಲ.

ನಿಜವಾದ ಸಮಸ್ಯೆ, ನಾವಿಬ್ಬರೂ ಹೋದರೆ ಮಗನನ್ನು ಯಾರು ನೋಡುವುದು? ಕೆಳಗಿನ ಮಹಡಿಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ತಾವಾಗಿ ಮುಂದೆ ಬಂದರು. ಅವರಿಗೆ ಆಟಿಸಂ ಎಂದರೆ ಏನೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಅವನು ಲಿಫ್ಟಿನಲ್ಲಿ ಎಲ್ಲ ಮಹಡಿಯ ಬಟನ್ ಒತ್ತುತ್ತಾನೆ, ಅವರು ಅವನ ಜೊತೆ ಎಲ್ಲ ಮಹಡಿಯಲ್ಲೂ ನಿಂತು ನಿಂತು ಹೋಗುತ್ತಾರೆ, ಅಷ್ಟೇ. ಸೊಸೈಟಿಯಲ್ಲಿ ಇದರ ಬಗ್ಗೆ ದೂರು ಬಂದಾಗ ಜಗಳ ಮಾಡಿದ್ದೂ ಅವರೇ.

ಕೌನ್ಸೆಲರ್ ದೊಡ್ಡ ಮಾತೇನೂ ಹೇಳಲಿಲ್ಲ. ರಾತ್ರಿ ಪಾಳಿ ಹಂಚಿಕೊಳ್ಳಿ ಅಂದರು. ಎರಡು ಗಂಟೆಯ ತನಕ ಒಬ್ಬರು, ಆಮೇಲೆ ಇನ್ನೊಬ್ಬರು, ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬೇಕು. ನಮ್ಮದು ಒನ್ ಬಿಎಚ್‌ಕೆ, ಆದ್ದರಿಂದ ಒಬ್ಬರಿಗೆ ಹಾಲ್. ನಾನು ಧಣಿಗಳ ಹತ್ತಿರ ಮಾತಾಡಿ ಬೆಳಗಿನ ಪಾಳಿಯನ್ನು ಎಂಟೂವರೆಗೆ ಮಾಡಿಸಿಕೊಂಡೆ, ಸಂಬಳದಲ್ಲಿ ಸ್ವಲ್ಪ ಹೋಯಿತು. ಇಡೀ ಕಥೆಯಲ್ಲಿ ಅತಿ ಹೆಚ್ಚು ಗುಣ ಕೊಟ್ಟದ್ದು ಯಾವುದು ಎಂದು ಕೇಳಿದರೆ ನಾನು ಮಾತ್ರೆಗಿಂತ ಮೊದಲು ಈ ನಿದ್ರೆಯನ್ನು ಹೇಳುತ್ತೇನೆ. ಡಾಕ್ಟರು ಒಪ್ಪಲಿಕ್ಕಿಲ್ಲ. ಊರಿನ ಫೋನುಗಳಿಗೆ ಉತ್ತರಿಸುವುದು ಇನ್ನು ಗಂಡನ ಕೆಲಸ ಎಂದೂ ತೀರ್ಮಾನವಾಯಿತು. ದೊಡ್ಡಮ್ಮನಿಗೆ ಮೊದಲ ಸಲ ನಾನೇ "ಇದು ವಾಸಿಯಾಗುವ ಜ್ವರ ಅಲ್ಲ ದೊಡ್ಡಮ್ಮ, ಅವ ಇರುವುದೇ ಹೀಗೆ, ಕಲಿಸ್ತಾ ಇದ್ದೇವೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಉಂಡನಾ?" ಎಂದು ಕೇಳಿದರು. ಈಗಲೂ ಅದನ್ನೇ ಕೇಳುತ್ತಾರೆ, ಅದಕ್ಕೆ ಉತ್ತರ ಹೇಳುವುದು ಸುಲಭ.

ಪೋಷಕರ ಗುಂಪಿಗೂ ಹೋದೆವು. ನಾನು ಹೋದ ದಿನ ತಾಯಂದಿರೇ ತುಂಬಿದ್ದರು, ಅಪ್ಪಂದಿರು ಹೊರಗೆ ಪಾರ್ಕಿಂಗ್‌ನಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯವರು ಇಂಥ ಕುಟುಂಬಗಳಿಗೆಂದು ರೂಪಿಸಿದ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ ಇವೆ, ಅದರೊಳಗೆ ಪೋಷಕರ ಮನಸ್ಸಿನ ಆರೋಗ್ಯಕ್ಕೂ ಜಾಗ ಇದೆ ಎಂದು ಅಲ್ಲೇ ತಿಳಿಯಿತು. ನೀವು ಹೋಗುವ ಕೇಂದ್ರದಲ್ಲಿ ಅಂಥದ್ದು ನಡೆಯುತ್ತದೆಯೇ ಎಂದು ಕೇಳಿ ನೋಡಿ.

ಇದರ ನಡುವೆ ಬೋರ್ಡಿನ ಎರಡನೆಯ ಕರೆ ಬಂತು. ಆಟಿಸಂ ಅಳೆಯಲು ನಮ್ಮಲ್ಲಿ ಇಸಾ ಎಂಬ ಭಾರತೀಯ ಮಾಪನ ಬಳಸುತ್ತಾರೆ. 40 ಅಂಶ, ಒಂದೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಮಗುವನ್ನು ನೋಡುತ್ತಾ, ತಂದೆತಾಯಿಯನ್ನು ಕೇಳುತ್ತಾ ಸೈಕಾಲಜಿಸ್ಟ್ ಅಂಕ ಹಾಕುತ್ತಾರೆ. ಜೊತೆಗೆ ಬುದ್ಧಿಮತ್ತೆಯ ಪರೀಕ್ಷೆಯೂ ಇರುತ್ತದೆ.

ಈ ದಿನದ ಬಗ್ಗೆ ಯಾರೂ ನಮಗೆ ಮುಂಚೆ ಹೇಳಿರಲಿಲ್ಲ. ಎರಡು ವರ್ಷ ಅವನಿಗೆ ಕಣ್ಣಿಟ್ಟು ನೋಡಲು, ಬೆರಳು ಮಾಡಲು ಕಲಿಸಿದ್ದೇವೆ. ಒಂದೊಂದಕ್ಕೂ ಚಪ್ಪಾಳೆ ತಟ್ಟಿದ್ದೇವೆ. ಆ ಕೋಣೆಯೊಳಗೆ ಕೂತಾಗ ಮಾತ್ರ, ಅವನು ಇವತ್ತು ಚೆನ್ನಾಗಿ ನಡೆದುಕೊಂಡುಬಿಟ್ಟರೆ ಪರ್ಸೆಂಟ್ ಕಡಿಮೆಯಾಗುತ್ತದಲ್ಲ ಎಂದು ಎದೆ ಹೊಡೆದುಕೊಳ್ಳುತ್ತದೆ. ಮೇಡಂ ಚೆಂಡು ಉರುಳಿಸಿದರು. ಅವನು ವಾಪಸ್ ಉರುಳಿಸಿದ. ಮನೆಯಲ್ಲಾದರೆ ಎತ್ತಿ ಮುದ್ದಾಡುತ್ತಿದ್ದೆವು. ಇಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವನು ಮಾಡಲಾಗದ್ದನ್ನೆಲ್ಲ ಹೆಂಡತಿ ಒಂದೊಂದಾಗಿ ಹೇಳುತ್ತಾ ಹೋದಳು, ಅವನು ಅಲ್ಲೇ ಕಾಲಡಿಯಲ್ಲಿ ಕೂತು ಕೇಳುತ್ತಿದ್ದ. ಎಷ್ಟು ಅರ್ಥವಾಗುತ್ತದೋ ಅವನಿಗೆ, ಎಲ್ಲವೂ ಆಗುತ್ತದೆ ಎಂದೇ ನನ್ನ ಗುಮಾನಿ. 60 ಪರ್ಸೆಂಟ್ ಬಂತು. ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ರಿಕ್ಷಾದಲ್ಲಿ ಇಬ್ಬರೂ ಅತ್ತೆವು. ಈ ಎರಡೂ ಆಗುತ್ತದೆ, ನಿಮಗೂ ಆದರೆ ಗಾಬರಿ ಬೀಳಬೇಡಿ. ಒಂದು ಸಲಹೆ: ಆ ದಿನ ಸಂಜೆಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ಥೆರಪಿಯನ್ನೂ. ಮಾಡಲಾಗದ್ದನ್ನು ಬಾಯಲ್ಲಿ ಹೇಳುವ ಬದಲು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೆ ಮಗುವಿನ ಎದುರು ಅಷ್ಟೂ ಒದರುವುದು ತಪ್ಪುತ್ತದೆ.

ಕಾರ್ಡ್ ಹಳದಿ ಬಣ್ಣದ್ದು. 40ಕ್ಕಿಂತ ಕಡಿಮೆಯಾದರೆ ಬಿಳಿ, 80 ಮತ್ತು ಮೇಲಾದರೆ ನೀಲಿ. ಕಾರ್ಡ್ ಬಂದ ಮೇಲೆ ಮಾಡಬೇಕಾದದ್ದು ಎರಡು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಕಟ್ಟಬೇಕಾದದ್ದು ಕೆಲವೇ ನೂರು. ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ, ಥೆರಪಿಗೂ ಸ್ವಲ್ಪ ಪಾಲು ಸಿಗುತ್ತದೆ. ಇನ್ನೊಂದು, ಆದಾಯ ತೆರಿಗೆಯಲ್ಲಿ ಅಂಗವಿಕಲ ಅವಲಂಬಿತರಿದ್ದವರಿಗೆ ಸಿಗುವ ಕಡಿತ, 1961ರ ಕಾಯ್ದೆಯಲ್ಲಿ ಇದು 80ಡಿಡಿ ಕಲಂ: ಹಳೆಯ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ 75,000 ರೂಪಾಯಿ, 80 ಪರ್ಸೆಂಟ್ ಮತ್ತು ಮೇಲಾದರೆ 1,25,000 ಕಡಿತ. ಆ ಕಾಯ್ದೆಯಡಿ ಆಟಿಸಂಗೆ 10-ಐಎ ನಮೂನೆ ಬೇಕು. ಇದರ ಲೆಕ್ಕ ಹಾಕಿದವಳು ಹೆಂಡತಿ. ಹಳೆಯ ಆಫೀಸಿನ ಸಿ.ಎ. ಸಾಹೇಬರು ಈಗ ಅವಳಿಗೆ ಮನೆಯಿಂದಲೇ ಮಾಡುವಂತೆ ನಾಲ್ಕೈದು ಕ್ಲೈಂಟುಗಳ ಕೆಲಸ ಕೊಟ್ಟಿದ್ದಾರೆ. ಸಂಬಳ ಹಿಂದಿನ ಮೂರರಲ್ಲೊಂದು ಪಾಲೂ ಇಲ್ಲ. ಆದರೆ ಲ್ಯಾಪ್‌ಟಾಪ್ ತೆರೆದಾಗ ಅವಳನ್ನು ಯಾರೂ ಕರೆಯುವಂತಿಲ್ಲ ಎಂಬುದು ಮನೆಯ ಕಾನೂನು.

ನಾವಿಲ್ಲದ ಮೇಲೆ ಏನು ಎಂಬ ಪ್ರಶ್ನೆ ಹೋಗಿಲ್ಲ. ಅದು ಎಲ್ಲ ಇಂಥ ಮನೆಗಳಲ್ಲೂ ಇರುತ್ತದೆ. 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಕಾನೂನುಬದ್ಧ ಪೋಷಕತ್ವಕ್ಕೆ (ಗಾರ್ಡಿಯನ್‌ಶಿಪ್) ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕುವ ದಾರಿ ಇದೆ ಎಂದು ತಿಳಿದುಕೊಂಡಿದ್ದೇವೆ. ಅದಕ್ಕೆ ಇನ್ನೂ ವರ್ಷಗಳಿವೆ. ಇವಳ ಪಿಎಚ್‌ಕ್ಯೂ ಹಾಳೆ ಕಳೆದ ಸಲ 6ಕ್ಕೆ ಇಳಿದಿತ್ತು, ಒಂಬತ್ತನೆಯದಕ್ಕೆ ಸೊನ್ನೆ. ನನ್ನದು 7, ಅಂದರೆ ಈಗ ನಾನು ಅವಳಿಗಿಂತ ಮೇಲೆ, ಅದನ್ನು ಅವಳು ಆಗಾಗ ನೆನಪಿಸುತ್ತಾಳೆ. ಔಷಧಿ ಇಬ್ಬರದ್ದೂ ನಡೆಯುತ್ತಿದೆ.

ನಮ್ಮ ಸರ್ಟಿಫಿಕೇಟ್ ತಾತ್ಕಾಲಿಕ, ಮಗು ಚಿಕ್ಕದು ಎಂದು ಮರುಪರೀಕ್ಷೆಯ ವರ್ಷ ಬರೆದಿದ್ದಾರೆ. ನಿಮ್ಮದರಲ್ಲೂ ಆ ದಿನಾಂಕ ನೋಡಿಕೊಳ್ಳಿ, ಅವಧಿ ಮುಗಿದ ಮೇಲೆ ಓಡುವುದಕ್ಕಿಂತ ಮೂರು ತಿಂಗಳು ಮುಂಚೆ ಅರ್ಜಿ ಹಾಕಿ. ಡೊಂಬಿವಲಿ, ಕಲ್ಯಾಣ, ಠಾಣೆಯವರು ಬೋರ್ಡಿಗೆ ಹೋಗುವ ದಿನ ಮಂಗಳವಾರವಾದರೆ ತಿಳಿಸಿ, ಕ್ಯೂನಲ್ಲಿ ನಾನು ನಿಲ್ಲುತ್ತೇನೆ, ನೀವು ಮಗುವನ್ನು ಹೊರಗೆ ಗಾಳಿಯಲ್ಲಿ ಆಡಿಸುತ್ತಿರಿ. ಅಪ್ಪಂದಿರು ಪಾರ್ಕಿಂಗ್‌ನಲ್ಲಿ ನಿಂತಿದ್ದರೆ ಅಲ್ಲಿಗೂ ಬರುತ್ತೇನೆ.